ಮೈಸೂರಿನ ಕಟ್ಟಡಗಳಲ್ಲಿ ಐರೋಪ್ಯ ಪ್ರಭಾವ

ಚಾಮುಂಡಿಬೆಟ್ಟದ ಮೇಲೆ ನಿಂತು ಮೈಸೂರು ನಗರವನ್ನು ನೋಡುವವರ ಕಣ್ಣಿಗೆ ಹಸಿರು ಮರಗಳ ನಡುವೆ ಮೂರು ಕಟ್ಟಡಗಳು ಮೊದಲು ಬೀಳುತ್ತವೆ. ನಗರದ ನಡುವೆ ಅಂಬಾವಿಲಾಸ ಅರಮನೆಯ ಗುಮ್ಮಟಗಳು. ಅದರ ಆಚೆ, ಆಕಾಶದತ್ತ ಎದ್ದು ನಿಂತ ಸಂತ ಫಿಲೋಮಿನಾ ಚರ್ಚಿನ ಜೋಡಿ ಶಿಖರಗಳು. ಬೆಟ್ಟದ ತಪ್ಪಲಿನ ಕಡೆಗೆ ಬೆಳ್ಳಗೆ ಹೊಳೆಯುವ ಲಲಿತಮಹಲು. ಮೂರೂ ಒಡೆಯರ ಆಶ್ರಯದಲ್ಲಿ ಎದ್ದ ಕಟ್ಟಡಗಳು. ಮೂರರ ನಕ್ಷೆಯನ್ನೂ ರೂಪಿಸಿದವರು ಐರೋಪ್ಯರು. ಆದರೂ ಒಂದು ಇನ್ನೊಂದರಂತಿಲ್ಲ. ಅರಮನೆ ಭಾರತೀಯವಾಗಿ ಕಾಣುತ್ತದೆ, ಚರ್ಚು ಜರ್ಮನಿಯನ್ನು ನೆನಪಿಗೆ ತರುತ್ತದೆ, ಲಲಿತಮಹಲು ಲಂಡನ್ನಿನಿಂದ ಕಿತ್ತು ತಂದು ನಿಲ್ಲಿಸಿದಂತಿದೆ. ಇವುಗಳನ್ನು ನಮ್ಮವೆನ್ನಬೇಕೆ, ಪರಕೀಯರವೆನ್ನಬೇಕೆ ಎಂಬ ಪ್ರಶ್ನೆಗೆ ಕಟ್ಟಡದ ಮುಖವನ್ನು ಮಾತ್ರ ನೋಡಿ ಉತ್ತರ ಹೇಳಲಾಗದು. ಯಾರಿಗಾಗಿ ಕಟ್ಟಿದರು, ಯಾರ ಕೈ ಕಟ್ಟಿತು, ಯಾವುದರಿಂದ ಕಟ್ಟಿತು ಎಂಬುದನ್ನೂ ಕೇಳಬೇಕಾಗುತ್ತದೆ.

ಕಮಾನು ಮತ್ತು ಗುಮ್ಮಟಗಳನ್ನು ಕಂಡೊಡನೆ ಅವು ಐರೋಪ್ಯರು ತಂದವೆಂದು ಭಾವಿಸುವವರುಂಟು. ಇದು ಸರಿಯಲ್ಲ. ಮೈಸೂರಿನ ಸಮೀಪದ ಸೋಮನಾಥಪುರದಲ್ಲಿರುವ 13ನೆಯ ಶತಮಾನದ ಹೊಯ್ಸಳ ದೇವಾಲಯದಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ ಎಂಬ ಕ್ರಮವಿದೆ. ನಮ್ಮ ಹಳೆಯ ದೇವಾಲಯಗಳೆಲ್ಲವೂ ಸ್ಥೂಲವಾಗಿ ಹೀಗೆಯೇ ಕಟ್ಟಲ್ಪಟ್ಟವು. ಕಲ್ಲು ಅಥವಾ ಇಟ್ಟಿಗೆಗಳನ್ನು ಒಂದಕ್ಕೊಂದು ಒತ್ತಿ ನಿಲ್ಲುವಂತೆ ಜೋಡಿಸುವ ಕಮಾನು ಸುಲ್ತಾನರ ಕಾಲದಲ್ಲಿ ಕನ್ನಡನಾಡಿನಲ್ಲಿ ನೆಲೆಯೂರಿತು. ವಿಜಯಪುರದ ಗೋಳಗುಮ್ಮಟ 17ನೆಯ ಶತಮಾನದಲ್ಲಿಯೇ ತಲೆಯೆತ್ತಿತ್ತು. ಅಷ್ಟು ದೊಡ್ಡ ಗುಮ್ಮಟವನ್ನು ಈ ನಾಡಿನಲ್ಲಿ ಕಟ್ಟಿದ ಐರೋಪ್ಯನಿಲ್ಲ. ಕಡಲಾಚೆಯಿಂದ ಬಂದವು ಬೇರೆ: ಗ್ರೀಕರ ಮತ್ತು ರೋಮನರ ಮಾದರಿಯ ಕಂಬಸಾಲು, ಅದರ ನೆತ್ತಿಯ ತ್ರಿಕೋನಾಕಾರದ ಮುಖ, ಚೂಪಾದ ಗಾಥಿಕ್ ಶಿಖರ, ಎರಕದ ಕಬ್ಬಿಣ, ಬಣ್ಣದ ಗಾಜು, ಗಡಿಯಾರದ ಗೋಪುರ, ಕಚೇರಿ ಮತ್ತು ಕಾಲೇಜುಗಳಿಗೆಂದೇ ಮೀಸಲಾದ ಕಟ್ಟಡ. ಕೆಲವು ಮಾತುಗಳೂ ಬಂದವು. ಕಿಟಕಿಗೆ ಕರಾವಳಿಯ ಜನ ಹೇಳುವ ‘ಜನೇಲು’, ಬೀಗದ ಕೈಗೆ ಹಲವೆಡೆ ಹೇಳುವ ‘ಚಾವಿ’, ಎಲ್ಲರ ಮನೆಯ ‘ಅಲಮಾರು’ ಇವು ಪೋರ್ಚುಗೀಸ್ ನುಡಿಯಿಂದ ಬಂದವು. ಕೊಡುಕೊಳೆ ಒಂದೇ ದಿಕ್ಕಿನದಾಗಿರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ‘ಬಂಗಲೆ’ ಎಂಬ ಮಾತು ಬಂಗಾಳದ ಮನೆಯ ಹೆಸರಿನಿಂದ ಹುಟ್ಟಿದ್ದು; ಅದನ್ನು ಇಂಗ್ಲಿಷರು ಇಲ್ಲಿ ಕಲಿತು ತಮ್ಮ ದೇಶಕ್ಕೂ ಒಯ್ದರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ ರಾಜಧಾನಿ ಮತ್ತೆ ಮೈಸೂರಿಗೆ ಬಂತು. ಬಾಲಕನಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗಾಗಿ ಮರದ ಅರಮನೆಯೊಂದು ಎದ್ದಿತು. ಅದೇ ಕಾಲದಲ್ಲಿ, ಅಲ್ಲಿಂದ ಸ್ವಲ್ಪ ದೂರದಲ್ಲಿ, ಆಂಗ್ಲ ರೆಸಿಡೆಂಟನ ನಿವಾಸವೂ ಎದ್ದಿತು. ಇದೇ ಮುಂದೆ ಸರ್ಕಾರಿ ಭವನವಾಯಿತು. ಇದರ ಭೋಜನಶಾಲೆಯನ್ನು ಕಟ್ಟಿದವನು ಥಾಮಸ್ ಫಿಯೋಟ್ ಡಿ ಹ್ಯಾವಿಲೆಂಡ್ ಎಂಬ ಸೈನ್ಯದ ಎಂಜಿನಿಯರು. ನಡುವೆ ಒಂದು ಕಂಬವೂ ಇಲ್ಲದೆ ವಿಶಾಲವಾದ ಛಾವಣಿಯನ್ನು ಹೊದಿಸುವುದು ಅವನ ಸಾಧನೆ. ಈತನಿಗೆ ಕಮಾನಿನ ಹುಚ್ಚು ವಿಪರೀತವಾಗಿತ್ತೆಂದು ತೋರುತ್ತದೆ. ಕಾವೇರಿಗೆ ಇಟ್ಟಿಗೆಯ ಕಮಾನುಗಳಿಂದ ಸೇತುವೆ ಕಟ್ಟಬಹುದೆಂದು ತೋರಿಸಿಕೊಡಲು 1808ರಲ್ಲಿ ಶ್ರೀರಂಗಪಟ್ಟಣದಲ್ಲಿ ನೂರು ಅಡಿಗೂ ಮಿಗಿಲಾದ ಒಂದೇ ಕಮಾನನ್ನು, ಕೆಳಗೆ ನದಿಯೂ ಇಲ್ಲ, ಮೇಲೆ ದಾರಿಯೂ ಇಲ್ಲದಂತೆ ಕಟ್ಟಿ ನಿಲ್ಲಿಸಿದನು. ಅದು 1937ರವರೆಗೆ ನಿಂತು ಬಳಿಕ ಕುಸಿಯಿತು. ಸುಮಾರು 130 ವರ್ಷಗಳ ಮಳೆ ಬಿಸಿಲುಗಳನ್ನು ತಡೆದ ಆ ಕಮಾನನ್ನು ಕೂಡಿಸಿ ಹಿಡಿದಿದ್ದುದು ಸುಣ್ಣದ ಗಾರೆ.

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಐವತ್ತು ವರ್ಷಗಳ ಕಾಲ ಕಮಿಷನರುಗಳು ಬೆಂಗಳೂರಿನಿಂದ ಆಳಿದರು. 1881ರಲ್ಲಿ ರಾಜ್ಯವು ಹತ್ತನೆಯ ಚಾಮರಾಜ ಒಡೆಯರಿಗೆ ಮರಳಿ ಬಂತು. ಮೈಸೂರಿನಲ್ಲಿ ಇಂದು ಕಾಣುವ ಐರೋಪ್ಯ ಛಾಯೆಯ ಕಟ್ಟಡಗಳಲ್ಲಿ ಬಹುಪಾಲು ಇದರ ಅನಂತರ ಎದ್ದವು ಎಂಬುದು ಗಮನಿಸಬೇಕಾದ ಸಂಗತಿ. ನೇರವಾಗಿ ಆಳುತ್ತಿದ್ದ ಕಾಲಕ್ಕಿಂತ, ಆಳ್ವಿಕೆ ಮರಳಿ ಬಂದ ಕಾಲದಲ್ಲಿ ಆಂಗ್ಲ ಶೈಲಿ ಇಲ್ಲಿ ಹೆಚ್ಚು ಬೆಳೆಯಿತು. ಇದಕ್ಕೆ ಕಾರಣವಿಲ್ಲದಿಲ್ಲ. ಮರಳಿ ಕೊಟ್ಟದ್ದನ್ನು ಮತ್ತೆ ಕಸಿದುಕೊಳ್ಳದಂತೆ, ತಮ್ಮದು ಸುವ್ಯವಸ್ಥಿತವಾದ ಆಧುನಿಕ ರಾಜ್ಯವೆಂದು ಅರಸರೂ ದಿವಾನರೂ ತೋರಿಸಬೇಕಾಗಿತ್ತು. ವೈಸ್‌ರಾಯ್ ಬಂದನೆಂದರೆ ಅವನ ಹೆಸರಿನಲ್ಲಿ ಒಂದು ಕಟ್ಟಡ ಏಳುತ್ತಿತ್ತು. ಡಫರಿನ್ನನ ಭೇಟಿಯ ನೆನಪಿಗೆ 1886ರಲ್ಲಿ ಚಿಕ್ಕ ಗಡಿಯಾರ. ಲ್ಯಾನ್ಸ್‌ಡೌನನ ಭೇಟಿಯ ನೆನಪಿಗೆ 1892ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ. ಜನ ಆ ಹೆಸರುಗಳನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಡಫರಿನ್ ಗೋಪುರವೆಂದರೆ ತಿಳಿಯದ ಮೈಸೂರಿನವರಿಗೆ ಚಿಕ್ಕ ಗಡಿಯಾರವೆಂದರೆ ತಿಳಿಯುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ ಗೋಪುರ ದೊಡ್ಡ ಗಡಿಯಾರವಾಯಿತು.

ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ಆಳ್ವಿಕೆಗೆ ಐವತ್ತು ವರ್ಷ ತುಂಬಿದ 1887ರಲ್ಲಿ ಜೂಬಿಲಿ ಸಂಸ್ಥೆಯ ಕಟ್ಟಡಕ್ಕೆ ಅಸ್ತಿಭಾರ ಬಿದ್ದಿತು. 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಪುಸ್ತಕ ಭಂಡಾರ ಇಲ್ಲಿ ನೆಲೆಸಿತು. ಇದರ ಕಂಬಗಳು ಕೊರಿಂಥಿಯನ್ ಎಂಬ ಬಗೆಯವು. ಗ್ರೀಕರ ಕಂಬಗಳನ್ನು ಅವುಗಳ ನೆತ್ತಿಯಿಂದ ಗುರುತಿಸುತ್ತಾರೆ. ನೆತ್ತಿ ಸಾದಾ ಆಗಿದ್ದರೆ ಡೋರಿಕ್. ಟಗರಿನ ಕೊಂಬಿನಂತೆ ಎರಡು ಸುರುಳಿಗಳಿದ್ದರೆ ಅಯೋನಿಕ್. ಎಲೆಗಳ ಗೊಂಚಲನ್ನು ಕೆತ್ತಿದ್ದರೆ ಕೊರಿಂಥಿಯನ್. ಇಂತಹ ರೋಮನ್ ಮುಖದ ಕಟ್ಟಡದೊಳಗೆ ತುಂಬಿದ್ದುದು ಓಲೆಗರಿಯ ಕಟ್ಟುಗಳು. ಅವುಗಳ ನಡುವೆ ಕೌಟಿಲ್ಯನ ‘ಅರ್ಥಶಾಸ್ತ್ರ’ದ ಹಸ್ತಪ್ರತಿಯನ್ನು 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಹೊರಗೆ ಒಂದು ಸಾಮ್ರಾಜ್ಯದ ಹಬ್ಬದ ಗುರುತು, ಒಳಗೆ ಎರಡು ಸಾವಿರ ವರ್ಷಗಳ ಹಿಂದಿನ ರಾಜನೀತಿ. ಮೈಸೂರಿನ ಆ ಕಾಲದ ಸ್ವರೂಪವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಕಟ್ಟಡ ಇನ್ನೊಂದಿಲ್ಲ.

ಅರಮನೆಯ ಕಥೆ ಬೆಂಕಿಯಿಂದ ಆರಂಭವಾಗುತ್ತದೆ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಮಯದಲ್ಲಿ ಮರದ ಅರಮನೆಗೆ ಬೆಂಕಿ ತಗುಲಿ ಅದು ಸುಟ್ಟುಹೋಯಿತು. ರಾಜಪರಿವಾರ ಜಗನ್ಮೋಹನ ಅರಮನೆಗೆ ತೆರಳಿತು. ಚಾಮರಾಜ ಒಡೆಯರು 1894ರಲ್ಲಿಯೇ ತೀರಿಕೊಂಡಿದ್ದರು. ಮಗ ಇನ್ನೂ ಬಾಲಕ. ರಾಜ್ಯಭಾರವನ್ನು ವಹಿಸಿಕೊಂಡಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೊಸ ಅರಮನೆಯ ನಕ್ಷೆಯ ಹೊಣೆಯನ್ನು ಹೆನ್ರಿ ಇರ್ವಿನ್ ಎಂಬ ಆಂಗ್ಲ ವಾಸ್ತುಶಿಲ್ಪಿಗೆ ವಹಿಸಿದರು. ಸಿಮ್ಲಾದಲ್ಲಿ ವೈಸ್‌ರಾಯ್ ನಿವಾಸವನ್ನು ರೂಪಿಸಿದವನು ಇವನೇ. ಕೆಲಸದ ಉಸ್ತುವಾರಿ ಅರಮನೆ ವಿಭಾಗದ ಎಂಜಿನಿಯರಾಗಿದ್ದ ಬಿ.ಪಿ. ರಾಘವುಲು ನಾಯ್ಡು ಅವರದು. ಅವರು ದೆಹಲಿ, ಮದರಾಸು, ಕಲ್ಕತ್ತೆಗಳ ಕಟ್ಟಡಗಳನ್ನು ನೋಡಿ ಬಂದು ಅಲ್ಲಿ ಕಂಡದ್ದನ್ನು ಇಲ್ಲಿ ಬಳಸಿಕೊಂಡರು. 1912ರಲ್ಲಿ ಕೆಲಸ ಮುಗಿಯಿತು. ತಗುಲಿದ ವೆಚ್ಚ ಸುಮಾರು 42 ಲಕ್ಷ ರೂಪಾಯಿ.

ಇರ್ವಿನ್ನನು ಅನುಸರಿಸಿದ ಶೈಲಿಯನ್ನು ಇಂಡೋ-ಸಾರ್ಸೆನಿಕ್ ಎನ್ನುತ್ತಾರೆ. ಮೊಗಲರ ಗುಮ್ಮಟ ಮತ್ತು ಕಮಾನು, ರಜಪೂತರ ಛತ್ರಿ, ದೇವಾಲಯದ ಕೆತ್ತನೆ ಇವುಗಳನ್ನು ಐರೋಪ್ಯ ಪದ್ಧತಿಯ ಅಳತೆ ಮತ್ತು ಯೋಜನೆಗೆ ಹೊಂದಿಸಿ ಬ್ರಿಟಿಷ್ ಎಂಜಿನಿಯರುಗಳು ಬೆಳೆಸಿದ ಮಿಶ್ರಶೈಲಿ ಇದು. 1857ರ ದಂಗೆಯ ಅನಂತರ ತಾವು ಹೊರಗಿನವರಲ್ಲ, ಮೊಗಲರ ಉತ್ತರಾಧಿಕಾರಿಗಳು ಎಂದು ತೋರಿಸಿಕೊಳ್ಳುವ ಬಯಕೆ ಆಂಗ್ಲರಿಗೆ ಇತ್ತು. ಈ ಶೈಲಿಗೆ ಪ್ರೋತ್ಸಾಹ ದೊರೆತದ್ದರಲ್ಲಿ ಅದರ ಪಾಲೂ ಉಂಟು. ಹೀಗೆ ಸಾಮ್ರಾಜ್ಯದ ಅಗತ್ಯಕ್ಕಾಗಿ ಒದಗಿದ ‘ಭಾರತೀಯತೆ’ ಮೈಸೂರಿನ ಅರಸರ ಮನೆಗೆ ಬಂತು. ಬಂದ ಮೇಲೆ ಅದು ಹಾಗೆಯೇ ಉಳಿಯಲಿಲ್ಲ. ಸುಟ್ಟ ಅರಮನೆಯ ವಿನ್ಯಾಸವನ್ನೇ ಹೊಸದು ಬಹುಮಟ್ಟಿಗೆ ಅನುಸರಿಸಿತು. ಅದು ಪೂರ್ವಾಭಿಮುಖವಾಗಿದೆ, ನಡುವೆ ಬಯಲಿಗೆ ತೆರೆದ ಅಂಗಳವಿದೆ. ಗೊಂಬೆತೊಟ್ಟಿ ಎಂಬ ಹೆಸರೇ ಉಳಿದು ಬಂದಿದೆ. ಹಳ್ಳಿಯ ತೊಟ್ಟಿಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಅರಮನೆಯ ಈ ಒಳವಿನ್ಯಾಸ ಅಪರಿಚಿತವೆನಿಸದು. ಮುಂಭಾಗದ ನಡುಕಮಾನಿನ ಮೇಲೆ ಗಜಲಕ್ಷ್ಮಿ ಕುಳಿತಿದ್ದಾಳೆ. ಕೋಟೆಯೊಳಗಿನ ದೇವಾಲಯಗಳು ತಮ್ಮ ಸ್ಥಾನದಲ್ಲಿಯೇ ಇವೆ. 145 ಅಡಿ ಎತ್ತರದ ಗೋಪುರ ಇವೆಲ್ಲಕ್ಕೂ ಮೇಲೆ ನಿಂತಿದೆ.

ಬೆಂಕಿಯ ಭಯ ಹೊಸ ಅರಮನೆಯ ಸಾಮಗ್ರಿಯನ್ನು ನಿರ್ಧರಿಸಿತು. ಮರದ ಬದಲು ಕಲ್ಲು, ಇಟ್ಟಿಗೆ ಮತ್ತು ಕಬ್ಬಿಣಕ್ಕೆ ಪ್ರಾಧಾನ್ಯ ದೊರೆಯಿತು. ಎಂಟು ಮೂಲೆಗಳ ಕಲ್ಯಾಣಮಂಟಪದಲ್ಲಿ ಇದು ಸೊಗಸಾಗಿ ಕಾಣುತ್ತದೆ. ಅಲ್ಲಿನ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ತಯಾರಾಗಿ ಹಡಗೇರಿ ಬಂದವು. ಮೇಲೆ ಬಣ್ಣದ ಗಾಜಿನ ಛಾವಣಿ. ಅದೂ ಗ್ಲಾಸ್ಗೋದ ಕೆಲಸವೇ. ಆದರೆ ಗಾಜಿನಲ್ಲಿ ಮೂಡಿರುವುದು ನವಿಲು. ಚಿತ್ರವನ್ನು ಬರೆದುಕೊಟ್ಟವರು ಮೈಸೂರಿನ ಕಲಾವಿದರು. ಕಬ್ಬಿಣ ಮತ್ತು ಗಾಜುಗಳಿಂದ ಛಾವಣಿ ಹೊದಿಸುವುದು ಅಂದಿನ ಯುರೋಪಿನಲ್ಲಿ ರೈಲು ನಿಲ್ದಾಣಗಳಿಗೂ ವಸ್ತುಪ್ರದರ್ಶನ ಭವನಗಳಿಗೂ ಬಳಕೆಯಾಗುತ್ತಿದ್ದ ತಂತ್ರ. ಅದು ಇಲ್ಲಿ ಮದುವೆಯ ಚಪ್ಪರವಾಯಿತು. ಸುತ್ತಲ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ದೃಶ್ಯಗಳನ್ನು ಅರಮನೆಯ ಚಿತ್ರಕಾರರು ಅನಂತರದ ವರ್ಷಗಳಲ್ಲಿ ಬಿಡಿಸಿದರು. ನಿಜವಾದ ಮೆರವಣಿಗೆಯ ಛಾಯಾಚಿತ್ರಗಳನ್ನು ಎದುರಿಗಿಟ್ಟುಕೊಂಡು ಬರೆದ ಚಿತ್ರಗಳಾದುದರಿಂದ ಅವುಗಳಲ್ಲಿರುವ ಮುಖಗಳು ಕಲ್ಪನೆಯ ಮುಖಗಳಲ್ಲ.

ಲಲಿತಮಹಲಿನದು ಇದಕ್ಕೆ ತೀರ ಬೇರೆಯಾದ ದಾರಿ. ವೈಸ್‌ರಾಯ್ ಮತ್ತು ಇತರ ಐರೋಪ್ಯ ಅತಿಥಿಗಳು ತಂಗುವುದಕ್ಕೆಂದು ನಾಲ್ವಡಿಯವರು 1921ರಲ್ಲಿ ಇದಕ್ಕೆ ಅಸ್ತಿಭಾರವನ್ನಿಟ್ಟರು. ಮುಂಬಯಿಯ ಇ.ಡಬ್ಲ್ಯು. ಫ್ರಿಚ್ಲಿ ನಕ್ಷೆಯನ್ನು ರೂಪಿಸಿದನು, ಕಟ್ಟಿದವರು ಬಿ. ಮುನಿವೆಂಕಟಪ್ಪನವರು. ಜೋಡಿ ಕಂಬಗಳ ಸಾಲು, ಇಟಲಿಯ ಅಮೃತಶಿಲೆಯ ಮೆಟ್ಟಿಲು, ಲಂಡನ್ನಿನ ಸಂತ ಪಾಲರ ಚರ್ಚನ್ನು ನೆನಪಿಸುವ ನಡುಗುಮ್ಮಟ ಇದರ ಲಕ್ಷಣಗಳು. ಅರಮನೆಯನ್ನೂ ಇದನ್ನೂ ಒಟ್ಟಿಗೆ ನೋಡಿದಾಗ ಒಂದು ವಿಚಿತ್ರ ಎದ್ದು ಕಾಣುತ್ತದೆ. ಅರಸರು ವಾಸಿಸುವ ಮನೆಗೆ ಆಂಗ್ಲನೊಬ್ಬನು ಭಾರತೀಯ ಉಡುಪನ್ನು ಹೊಲಿದನು. ಆಂಗ್ಲರು ತಂಗುವ ಮನೆಗೆ ಅರಸರು ತಮ್ಮ ಬೊಕ್ಕಸದ ಹಣದಿಂದ ಆಂಗ್ಲ ಉಡುಪನ್ನೇ ತೊಡಿಸಿದರು. ಅತಿಥಿಗೆ ಬೇಕಾದುದನ್ನು ಅರಿತು ನಡೆಯುವುದು ಸೌಜನ್ಯ. ಆದರೆ ಮನೆಗೆ ಬರುವ ಅತಿಥಿ ಮನೆಯೊಡೆಯನಿಗಿಂತ ಬಲಶಾಲಿಯಾಗಿದ್ದಾಗ ಸೌಜನ್ಯವೆಷ್ಟು, ಅನಿವಾರ್ಯತೆಯೆಷ್ಟು ಎಂದು ವಿಂಗಡಿಸುವುದು ಸುಲಭವಲ್ಲ. ಕಟ್ಟಡ ಸುಂದರವಾಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅರಮನೆಯಷ್ಟು ಅದು ಮೈಸೂರಿನ ಮಣ್ಣಿಗೆ ಅಂಟಿಕೊಂಡಿಲ್ಲ. 1974ರಲ್ಲಿ ಅದು ಹೋಟೆಲಾಯಿತು.

ಸಂತ ಫಿಲೋಮಿನಾ ಚರ್ಚಿನ ಸ್ಥಳದಲ್ಲಿ ಮುಮ್ಮಡಿಯವರ ಕಾಲದಲ್ಲಿ, 1843ರಲ್ಲಿ, ಚಿಕ್ಕದೊಂದು ಚರ್ಚು ಕಟ್ಟಲ್ಪಟ್ಟಿತ್ತು. ಈಗಿರುವುದಕ್ಕೆ 1933ರಲ್ಲಿ ನಾಲ್ವಡಿಯವರು ಅಸ್ತಿಭಾರವನ್ನು ಹಾಕಿದರು. ಜರ್ಮನಿಯ ಕಲೋನ್ ನಗರದ ಮಹಾಚರ್ಚು ಇದಕ್ಕೆ ಪ್ರೇರಣೆ. 1248ರಲ್ಲಿ ಆರಂಭವಾದ ಆ ಚರ್ಚು ಪೂರ್ಣಗೊಂಡದ್ದು 1880ರಲ್ಲಿ. ಮೈಸೂರಿನ ಚರ್ಚಿನ ಶಿಖರಗಳ ಎತ್ತರ ಸುಮಾರು 175 ಅಡಿ. ಗಾಥಿಕ್ ಶೈಲಿಯ ಗುಟ್ಟು ಚೂಪು ಕಮಾನಿನಲ್ಲಿದೆ. ಅರ್ಧವೃತ್ತದ ಕಮಾನಿಗಿಂತ ಚೂಪು ಕಮಾನು ಭಾರವನ್ನು ಹೆಚ್ಚು ನೇರವಾಗಿ ಕೆಳಗೆ ಇಳಿಸುತ್ತದೆ. ಆದುದರಿಂದ ಗೋಡೆಗಳನ್ನು ಎತ್ತರಕ್ಕೆ ಒಯ್ದು, ನಡುವೆ ದೊಡ್ಡ ಕಿಟಕಿಗಳನ್ನು ತೆರೆದು, ಬಣ್ಣದ ಗಾಜನ್ನು ಕೂರಿಸಲು ಸಾಧ್ಯವಾಗುತ್ತದೆ. ಮೋಡ ಮುಸುಕಿದ ಉತ್ತರ ಯುರೋಪಿನಲ್ಲಿ ಬೆಳಕನ್ನು ಒಳಗೆ ಕರೆಯಲು ಹುಟ್ಟಿದ ಉಪಾಯವಿದು. ನಮ್ಮ ಬಿಸಿಲಿನ ನಾಡಿನಲ್ಲಿ ಅದೇ ಗಾಜು ಬೆಳಕನ್ನು ತಂಪಾಗಿಸುವ ಕೆಲಸವನ್ನು ಮಾಡುತ್ತದೆ.

ಹವೆಯ ಈ ವ್ಯತ್ಯಾಸ ಇತರ ಕಟ್ಟಡಗಳನ್ನೂ ತಿದ್ದಿತು. ತಣ್ಣನೆಯ ದೇಶದ ಮನೆ ಬಿಸಿಲನ್ನು ಬಯಸುತ್ತದೆ. ಇಲ್ಲಿಯ ಮನೆ ಅದನ್ನು ತಡೆಯುತ್ತದೆ. ಆದುದರಿಂದ ಇಲ್ಲಿ ಕಂಬಸಾಲಿನ ಹಿಂದೆ ಆಳವಾದ ಮೊಗಸಾಲೆ ಬಂತು, ಛಾವಣಿ ಎತ್ತರವಾಯಿತು, ಬಿಸಿಗಾಳಿ ಹೊರಹೋಗಲು ಗೋಡೆಯ ನೆತ್ತಿಯಲ್ಲಿ ಬೆಳಕಿಂಡಿ ಮೂಡಿತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯ ಪರಿಣಾಮವಾಗಿ ಸಾಮಾನ್ಯರ ಮನೆಗಳಿಗೂ ಹೊಸ ಹೊದಿಕೆ ದೊರೆಯಿತು. ಅರಮನೆ ಬಂಗಲೆಗಳಿಗಿಂತ ಈ ಕೆಂಪು ಹೆಂಚೇ ಜನಜೀವನವನ್ನು ಹೆಚ್ಚು ಮುಟ್ಟಿತೆಂದರೆ ತಪ್ಪಾಗದು. 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಏರ್ಪಟ್ಟು ಅಗಲವಾದ ಬೀದಿಗಳೂ ಬಡಾವಣೆಗಳೂ ರೂಪುಗೊಂಡವು.

ಸ್ವಾತಂತ್ರ್ಯ ಬಂದ ಮೇಲೆ ಈ ಶೈಲಿಗಳನ್ನು ದಾಸ್ಯದ ಗುರುತುಗಳೆಂದು ಕಂಡವರಿದ್ದರು. ಮೈಸೂರು ರಾಜ್ಯದ ಆಡಳಿತ ಬಹುಕಾಲ ನಡೆದದ್ದು ಬೆಂಗಳೂರಿನ ಅಠಾರಾ ಕಚೇರಿಯಲ್ಲಿ. ಕಮಿಷನರ ಆಳ್ವಿಕೆಯಲ್ಲಿ, 1868ರಲ್ಲಿ, ಗ್ರೀಕ್-ರೋಮನ್ ಮಾದರಿಯಲ್ಲಿ ಮುಗಿದ ಕೆಂಪು ಕಟ್ಟಡವದು. ಅದರ ಎದುರಿಗೇ ದೇಶೀಯ ಶೈಲಿಯ ವಿಧಾನಸೌಧವನ್ನು ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದರು. ಅದು 1956ರಲ್ಲಿ ಪೂರ್ಣಗೊಂಡಿತು. ಕಲ್ಲಿನಿಂದ ಕೊಟ್ಟ ಉತ್ತರವದು. ಆದರೆ ಅವರು ಅಠಾರಾ ಕಚೇರಿಯನ್ನು ಕೆಡವಿಸಲಿಲ್ಲ. ಎರಡೂ ಇಂದು ಎದುರುಬದುರು ನಿಂತಿವೆ. ಹಳೆಯದರಲ್ಲಿ ಉಚ್ಚ ನ್ಯಾಯಾಲಯವಿದೆ.

ಮೈಸೂರಿನ ಹಳೆಯ ಕಟ್ಟಡಗಳಿಗೆ ಕಂಟಕ ಬಂದದ್ದು ಇಂತಹ ವಾದಗಳಿಂದಲ್ಲ, ನೀರಿನಿಂದ. ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಒಂದೇ ಅಳತೆಯ ಮಳಿಗೆಗಳ ಸಾಲು, ಅವುಗಳ ಮುಂದೆ ನೆರಳಿನ ಮೊಗಸಾಲೆ. ಹಳೆಯ ಪುಸ್ತಕಗಳ ಅಂಗಡಿಗಳು ಅಲ್ಲಿದ್ದುದರಿಂದ ಎಷ್ಟೋ ತಲೆಮಾರುಗಳ ವಿದ್ಯಾರ್ಥಿಗಳು ಅರ್ಧ ಬೆಲೆಗೆ ಪಠ್ಯಪುಸ್ತಕಗಳನ್ನು ಕೊಂಡದ್ದು ಆ ನೆರಳಿನಲ್ಲಿಯೇ. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ಪಕ್ಕದ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿದ್ದಿತು. 2022ರಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಭಾಗವೊಂದು ನೆಲಕ್ಕೆ ಕುಸಿಯಿತು. ಹೂವು, ವೀಳೆಯ, ಅರಿಸಿನ ಕುಂಕುಮಗಳ ವ್ಯಾಪಾರದಿಂದ ತುಂಬಿದ ಮಾರುಕಟ್ಟೆಯನ್ನು ಕೆಡವಿ ಕಟ್ಟಬೇಕೆಂದು ಕೆಲವರು, ದುರಸ್ತಿ ಮಾಡಿ ಉಳಿಸಬೇಕೆಂದು ಕೆಲವರು ವಾದಿಸಿ ವಿಷಯ ನ್ಯಾಯಾಲಯವನ್ನೂ ಮುಟ್ಟಿತು.

ಈ ಕಾಲದ ಕಟ್ಟಡಗಳಲ್ಲಿ ಹಲವಕ್ಕೆ ಹೊದಿಸಿರುವುದು ಮದರಾಸು ತಾರಸಿ. ಗೋಡೆಯಿಂದ ಗೋಡೆಗೆ ಮರದ ತೊಲೆ, ಜಂತೆಗಳನ್ನು ಹಾಕಿ, ಅವುಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಿಂದ ಜೋಡಿಸುತ್ತಾರೆ. ಅದರ ಮೇಲೆ ಇಟ್ಟಿಗೆಯ ಚೂರು ಮತ್ತು ಸುಣ್ಣದ ಮಿಶ್ರಣವನ್ನು ಹರಡಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಚಿಮುಕಿಸುತ್ತ ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಾರೆ. ನಕ್ಷೆ ಎಲ್ಲಿಯದೇ ಇರಲಿ, ತಲೆಯ ಮೇಲಿನ ಸೂರು ಈ ನಾಡಿನ ಗಾರೆಯವರ ಕೈಕೆಲಸ. ಇಂತಹ ತಾರಸಿ ಸರಿಯಾಗಿದ್ದರೆ ನೂರು ವರ್ಷ ಬಾಳುತ್ತದೆ. ಬಿರುಕಿನಲ್ಲಿ ಅರಳಿಯ ಸಸಿ ಹುಟ್ಟಿ ಬೇರಿಳಿಸಿದರೆ, ಮಳೆಯ ನೀರು ಅದರ ಜಾಡು ಹಿಡಿದು ಗೋಡೆಯೊಳಗೆ ಹುದುಗಿದ ತೊಲೆಯ ತುದಿಯನ್ನು ಸೇರುತ್ತದೆ. ತೊಲೆ ಹೊರಗೆ ಗಟ್ಟಿಯಾಗಿ ಕಂಡರೂ ಆ ತುದಿಯಲ್ಲಿ ಕೊಳೆಯತೊಡಗುತ್ತದೆ. ಸುಣ್ಣದ ಗೋಡೆ ತೇವವನ್ನು ಹೀರಿ ಮತ್ತೆ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟನ್ನು ಮೆತ್ತಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಒಳ್ಳೆಯ ಉದ್ದೇಶದಿಂದ ಮಾಡಿದ ತೇಪೆಯೇ ಗೋಡೆಯನ್ನು ಹಾಳುಮಾಡುತ್ತದೆ. ಆದುದರಿಂದ ಹಳೆಯ ಗೋಡೆಯನ್ನು ದುರಸ್ತಿ ಮಾಡುವವರು ಮತ್ತೆ ಸುಣ್ಣವನ್ನೇ ಬಳಸಬೇಕು. ಸುಣ್ಣವನ್ನು ನೀರಿನಲ್ಲಿ ಅರಳಿಸಿ, ವಾರಗಟ್ಟಲೆ ಹದಕ್ಕೆ ಬಿಟ್ಟು, ಮರಳು ಬೆರೆಸಿ ನುಣ್ಣಗೆ ಅರೆಯಬೇಕು. ಹದ ಬಂದಿದೆಯೇ ಎಂಬುದನ್ನು ಅನುಭವಿಯಾದ ಗಾರೆಯವನು ಕರಣೆಯಿಂದ ಒಮ್ಮೆ ಎತ್ತಿ ನೋಡಿಯೇ ಹೇಳಬಲ್ಲನು. ಅಂತಹ ಕೆಲಸಗಾರರು ಈಗ ವಿರಳ.